ಮನೆ ಲೆಕ್ಕಕ್ಕೆ ಹೊರಟ ಮಗಳಿಗೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಹಾಗೇ ಇದೆ. ಆದರೂ ಹುಣಸೆ ಮರದ ಕೆಳಗೆ ಹೋಗಿ ಆಯುವುದನ್ನು ಬಿಟ್ಟಿಲ್ಲ. ದೇವರಾಯನದುರ್ಗದ ಬುಡದಿಂದ ಮಧುಗಿರಿ ಕಡೆಯವರೆಗೆ ಕಾಡಂಚಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಜೀವನೋಪಾಯ ಬರೆದುಕೊಳ್ಳುವ ಕೆಲಸ ನಿನಗೆ ಸಿಕ್ಕಿದ್ದು ಕೇಳಿ ಸಂತೋಷವಾಯಿತು. ‘ಟ್ಯಾಬ್ ಬೇರೆ ಕೊಟ್ಟವ್ರೆ’ ಎಂದು ನಿಮ್ಮಪ್ಪ ಊರಿಗೆಲ್ಲ ಸಾರಿದ್ದಾನೆ. ಮುದುಕ ಬುದ್ಧಿ ಹೇಳಲು ಕೂತ ಎಂದು ಬೇಸರಪಡಬೇಡ. ಇಂಥದೇ ಕೆಲಸ ನಾನೂ ಮಾಡಿದವನು, ಕೆಟ್ಟದಾಗಿ ಮಾಡಿದವನು.

1991ರ ಜನಗಣತಿಗೆ ಮೇಷ್ಟ್ರುಗಳನ್ನೆಲ್ಲ ಹಾಕಿದ್ದರು. ಫೆಬ್ರವರಿ ತಿಂಗಳು, ಹುಣಸೆ ಕಾಲ. ಒಂದು ಮನೆಯ ಜಗಲಿಯಲ್ಲಿ ಕೂತು ಯಜಮಾನನನ್ನು ಕೇಳಿದೆ, ‘ನಿಮ್ಮನೆಯೋರು ಏನ್ ಕೆಲಸ ಮಾಡ್ತಾರೆ?’ ‘ಏನಿಲ್ಲ ಸಾ, ಮನೇಲಿರ್ತಾಳೆ’ ಅಂದ. ಆ ಹೆಂಗಸು ಒಂದು ಮಾರು ದೂರದಲ್ಲಿ ಗೋಣಿತಾಟಿನ ಮೇಲೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಸಿಪ್ಪೆ ಬಿಡಿಸಬೇಕು, ನಾರು ಎಳೆಯಬೇಕು, ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಒಂದೇ ಏಟು. ಬೀಜ ಹೊರಗೆ ಹಾರಬೇಕು, ಹಣ್ಣು ನಜ್ಜಾಗಬಾರದು. ಹುಳಿ ತಿಂದು ಅವಳ ಬೆರಳ ತುದಿಗಳೆಲ್ಲ ಬಿರಿದಿದ್ದವು. ಅಂಥ ಬೆರಳಲ್ಲಿ ರಾತ್ರಿ ಮುದ್ದೆ ಮುರಿದು ಖಾರದ ಸಾರಿಗೆ ಅದ್ದಿದರೆ ಹೇಗೆ ಉರಿಯುತ್ತದೆಂದು ನಿನ್ನ ದೊಡ್ಡಮ್ಮನನ್ನು ಕೇಳು. ಕೂಲಿ ಇಲ್ಲದೆ ಮನೆಗೆ ದುಡಿಯುವವರನ್ನೂ ಬಿಡದೆ ಕೇಳಿ ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಅವಳನ್ನು ನೋಡುತ್ತಲೇ ‘ಕೆಲಸವಿಲ್ಲ’ ಎಂದು ಬರೆದುಕೊಂಡು ಅವಳೇ ಕೊಟ್ಟ ಮಜ್ಜಿಗೆ ಕುಡಿದು ಎದ್ದು ಬಂದೆ. ಸಂಜೆ ನಮ್ಮ ಮನೆಗೆ ಬಂದರೆ ನಿನ್ನ ದೊಡ್ಡಮ್ಮನೂ ಅದನ್ನೇ ಮಾಡುತ್ತಾ ಕೂತಿದ್ದಳು. ನಮ್ಮ ಮನೆಯ ಫಾರಂನಲ್ಲೂ ನಾನು ಅದನ್ನೇ ಬರೆದಿದ್ದೆ.

ಮೊನ್ನೆ ಫೋನಿನಲ್ಲಿ ನೀನು ಓದಿ ಹೇಳಿದ ಅಧ್ಯಯನದ ವರದಿ ಕೇಳಿ ಇದೆಲ್ಲ ನೆನಪಾಯಿತು. 24 ದೇಶಗಳಲ್ಲಿ ಕಾಡಿನ ಆಸುಪಾಸಿನ ಸುಮಾರು 8,000 ಮನೆಗಳ ಲೆಕ್ಕ ಹಿಡಿದು 2014ರಲ್ಲಿ ಪ್ರಕಟಿಸಿದ್ದು ಅಂದೆಯಲ್ಲ. ಮನೆಯ ಆದಾಯದಲ್ಲಿ ನೂರಕ್ಕೆ 28 ಪಾಲು ಬಿತ್ತಿ ಬೆಳೆಯದ, ತಾನಾಗಿ ಸಿಗುವ ವಸ್ತುಗಳಿಂದ, ಅದರಲ್ಲಿ ಮುಕ್ಕಾಲಿಗೂ ಮಿಕ್ಕಿ ಸಹಜ ಕಾಡಿನಿಂದ ಎಂದು. ಆ ಅಂಕಿಗಿಂತ ನನಗೆ ಹಿಡಿಸಿದ್ದು ಅವರು ಮೂರು ಮೂರು ತಿಂಗಳಿಗೊಮ್ಮೆ, ವರ್ಷದಲ್ಲಿ ನಾಲ್ಕು ಸಲ ಅದೇ ಮನೆಗೆ ಹೋಗಿ ಕೇಳಿದ್ದು. ನಿನ್ನನ್ನು ಒಂದೇ ಸಲ ಕಳಿಸುತ್ತಾರಂತೆ. ಹಾಗಿದ್ದರೆ ‘ವರ್ಷಕ್ಕೆ ಕಾಡಿನಿಂದ ಎಷ್ಟು ಆದಾಯ’ ಎಂದು ಒಟ್ಟಿಗೆ ಕೇಳಬೇಡ. ‘ಯಾವ ಕಾಡವ್ವ, ಏನಾದಾಯ’ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮಾರಿ ಕೈಗೆ ದುಡ್ಡು ಬಂದರೆ ಮಾತ್ರ ನಮ್ಮ ಜನಕ್ಕೆ ಅದು ಆದಾಯ.

ಹಬ್ಬ ಹಿಡಿದು ಕೇಳು. ಸಂಕ್ರಾಂತಿಯಿಂದ ಯುಗಾದಿಯ ಆಸುಪಾಸಿನವರೆಗೆ ಹುಣಸೆ, ಆ ಬೇಸಿಗೆಯಲ್ಲೇ ಹೊಂಗೆ ಬೀಜ, ಮುಂಗಾರಿನ ಮೊದಲ ಮಳೆಗಳಲ್ಲಿ ಬೇವಿನ ಬೀಜ, ಗೌರಿ ಗಣೇಶದಿಂದ ದಸರೆಯವರೆಗೆ ಬೆಟ್ಟದ ಸೀತಾಫಲ, ಚಳಿಗಾಲಕ್ಕೆ ನೆಲ್ಲಿ. ಮಳೆ ಬಿದ್ದ ಮೇಲೆ ಸೊಪ್ಪು ಕೇಳಲು ಮರೆಯಬೇಡ. ಅಣ್ಣೆ, ಗೋಣಿ, ಕನ್ನೆ, ತುಂಬೆ ಎಲ್ಲ ಸೇರಿ ಬೆರಕೆ ಸೊಪ್ಪಾಗುತ್ತದೆ, ಬಸ್ಸಾರಾಗುತ್ತದೆ, ಪಲ್ಯವಾಗುತ್ತದೆ. ತಿಂಗಳಲ್ಲಿ ಹತ್ತು ಊಟ ಅದರಲ್ಲೇ ಕಳೆದಿರುತ್ತದೆ. ಅದನ್ನೇ ಸಂತೆಯಲ್ಲಿ ಕೊಂಡಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಿದರೆ ನಗುತ್ತಾರೆ. ನಕ್ಕ ಮೇಲೆ ಸರಿಯಾದ ಲೆಕ್ಕ ಹೇಳುತ್ತಾರೆ.

ಸೌದೆಯ ವಿಷಯಕ್ಕೆ ಸ್ವಲ್ಪ ಜಾಣತನ ಬೇಕು. 2016ರಿಂದೀಚೆಗೆ ಉಜ್ವಲ ಯೋಜನೆಯಲ್ಲಿ ಬಡವರ ಮನೆಗಳಿಗೂ ಗ್ಯಾಸ್ ಬಂದಿದೆ. ‘ಏತರಲ್ಲಿ ಅಡುಗೆ?’ ಅಂದರೆ ‘ಗ್ಯಾಸು’ ಅನ್ನುತ್ತಾರೆ, ನೀನು ಬರೆದುಕೊಂಡು ಮುಂದೆ ಹೋಗುತ್ತೀಯ. ಕಾಫಿಗೆ, ನೆಂಟರು ಬಂದಾಗಿನ ಉಪ್ಪಿಟ್ಟಿಗೆ ಗ್ಯಾಸು; ಮುದ್ದೆ, ಹುರುಳಿ ಬೇಯಿಸಲು, ಸ್ನಾನದ ಹಂಡೆಗೆ ಸೌದೆ. ಸಿಲಿಂಡರು ಎಷ್ಟು ತಿಂಗಳು ಬಂತು ಎಂದು ಕೇಳು. ಐದಾರು ಜನರ ಮನೆಯಲ್ಲಿ 14.2 ಕೆಜಿ ಸಿಲಿಂಡರು ನಾಲ್ಕು ತಿಂಗಳು ಬಂತೆಂದರೆ ಒಲೆ ಎಲ್ಲಿ ಉರಿಯುತ್ತಿದೆ ಎಂದು ಹಿತ್ತಲಿಗೆ ಹೋಗಿ ನೋಡು. ಹೊರೆ ಎಂದರೆ ಎಷ್ಟು ತೂಕ ಎಂದು ನೀನೇ ಊಹಿಸಬೇಡ. ಕೊಕ್ಕೆ ತಕ್ಕಡಿ ಒಂದು ಇಟ್ಟುಕೋ, ಊರಿಗೆ ನಾಲ್ಕು ಹೊರೆಯಾದರೂ ತೂಗಿಸು. ಸಾಧ್ಯವಾದರೆ ಒಂದನ್ನು ನಿನ್ನ ತಲೆಯ ಮೇಲೇ ಹೊರು.

ಮೇಕೆ ಮಾರಿದ ದುಡ್ಡನ್ನು ಪಶುಸಾಕಣೆ ಅನ್ನುವ ಕಡೆ ಬರೆಯುತ್ತೀಯಲ್ಲವೆ? ಬರೆ. ಆದರೆ ಆ ಮೇಕೆ ವರ್ಷವೆಲ್ಲ ಏನು ತಿಂತು, ಗೋಮಾಳದಲ್ಲೋ ಮೀಸಲು ಅರಣ್ಯದೊಳಗೋ ಅನ್ನುವುದನ್ನೂ ಪಕ್ಕದಲ್ಲಿ ಗುರುತು ಹಾಕಿಕೋ. ಗೋಮಾಳ ಕರಗಿದ ಊರಿನಲ್ಲಿ ಈ ಪ್ರಶ್ನೆಗೆ ಉತ್ತರ ನಿಧಾನವಾಗಿ ಬರುತ್ತದೆ. ದಂಡ ಕಟ್ಟಿದವರು ಇರುತ್ತಾರೆ.

ಅದಕ್ಕೇ ಹೇಳುತ್ತೇನೆ, ಇಲಾಖೆಯ ಜೀಪು ಹತ್ತಿಕೊಂಡು ಹೋಗಬೇಡ. ‘ಸರ್ವೆಗೆ ಬಂದಿದ್ದೀನಿ’ ಎಂದೂ ಅನ್ನಬೇಡ. ಸರ್ವೆ ಅಂದರೆ ನಮ್ಮವರಿಗೆ ಸರಪಳಿ ಹಿಡಿದು ಜಮೀನು ಅಳೆಯುವುದು. ಒತ್ತುವರಿ ಬಿಡಿಸಲು ಬಂದೆ ಎಂದು ಒಬ್ಬ ಬಾಗಿಲು ಹಾಕಿಕೊಂಡರೆ, ಹಕ್ಕುಪತ್ರ ಕೊಡಿಸಲು ಬಂದೆ ಎಂದು ಇನ್ನೊಬ್ಬ ಇಲ್ಲದ್ದನ್ನೂ ಹೇಳುತ್ತಾನೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅಲ್ಲಿದ್ದರೆ ಆಯಿತು, ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿಕೊಂಡು ಬಂದಿದ್ದೇವೆ ಎಂದು ತೋರಿಸಬೇಕು. ನಮ್ಮ ಕಡೆ ಅರ್ಜಿ ಹಾಕಿ ಕಾದವರಲ್ಲಿ ಈ ಎರಡನೆಯವರು ಬಹಳ. ನಿನ್ನ ಟ್ಯಾಬಿನಲ್ಲಿ ಬರೆದದ್ದು ಅರ್ಜಿಗೆ ಸಾಕ್ಷಿಯಾಗುವುದಿಲ್ಲ ಎಂದು ಮೊದಲೇ ಬಾಯಿಬಿಟ್ಟು ಹೇಳು.

ಇನ್ನೊಂದು. ಪಾಲಿನ ಲೆಕ್ಕದಲ್ಲಿ ಕಾಡು ಬಡವರಿಗೆ ಹೆಚ್ಚು, ಮೊತ್ತದ ಲೆಕ್ಕದಲ್ಲಿ ಉಳ್ಳವರೇ ಹೆಚ್ಚು ತರುತ್ತಾರೆ ಎಂದು ಅದೇ ವರದಿಯಲ್ಲಿದೆ ಅಂದೆ. ತುಮಕೂರು ಮಂಡಿಗೆ ಹುಣಸೆ ಹೋಗುವ ದಾರಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಸರ್ಕಾರಿ ಜಾಗದ ಮರಗಳ ಫಸಲನ್ನು ಹರಾಜಿನಲ್ಲಿ ಹಿಡಿಯುವವನು ಒಬ್ಬ, ಮರ ಹತ್ತಿ ಬಡಿಯುವವನು ಇನ್ನೊಬ್ಬ, ಆಯ್ದು ಕುಟ್ಟುವವರು ಹೆಂಗಸರು, ಕೆಜಿ ಲೆಕ್ಕದ ಕೂಲಿಗೆ. ಬೀಜವೂ ವ್ಯರ್ಥವಲ್ಲ, ಅದರ ಪುಡಿ ನೂಲಿಗೆ ಗಂಜಿ ಹಾಕಲು ಹೋಗುತ್ತದೆ. ಹರಾಜು ಹಿಡಿದವನ ಮನೆಯಲ್ಲಿ ‘ಹುಣಸೆಯಿಂದ’ ಎಂದು ಬರೆಯುತ್ತೀಯ, ಕುಟ್ಟಿದವಳ ಮನೆಯಲ್ಲಿ ‘ಕೂಲಿಯಿಂದ’ ಎಂದು. ನಿಮ್ಮ ಪ್ರಶ್ನೆಪಟ್ಟಿ ಹಾಗೇ ಇದ್ದರೆ ನಿಮ್ಮ ಮೇಲಿನವರಿಗೆ ಹೇಳಿ ತಿದ್ದಿಸು. ಹೊಸಬಳು ಎಂದು ಸಂಕೋಚಪಡಬೇಡ.

ಸಾಯಂಕಾಲ ಐದರ ಮೇಲೆ ಬೆಟ್ಟದ ದಾರಿಯಲ್ಲಿ ಒಬ್ಬಳೇ ಬರಬೇಡ. ಬಾರೆಹಣ್ಣಿನ ಕಾಲದಲ್ಲಿ ಕರಡಿ ಇಳಿಯುತ್ತದೆ, ಚಿರತೆಯಂತೂ ಈಗ ಎಲ್ಲ ಕಡೆ. ಚಪ್ಪಲಿ ಬಿಟ್ಟು ಶೂ ಹಾಕಿಕೋ.

ಮುಂದಿನ ಭಾನುವಾರ ಬಿಡುವಿದ್ದರೆ ಬಾ. ಹಿತ್ತಲ ಮರ ಬಡಿಸುತ್ತೇವೆ. ಹೇಗೂ ಎಲ್ಲಾದರೂ ಶುರು ಮಾಡಬೇಕಲ್ಲ, ಟ್ಯಾಬ್ ತಗೊಂಡು ಇಲ್ಲೇ ಶುರು ಮಾಡಲಿ ಎಂದು ನಿನ್ನ ದೊಡ್ಡಮ್ಮ ಹೇಳಿದ್ದಾಳೆ. ನೀವಿಬ್ಬರೂ ಕೂತು ಬರೆದುಕೊಳ್ಳಿ. ಅಷ್ಟು ಹೊತ್ತು ನಾನು ಅರಳಿಕಟ್ಟೆಗೆ ಹೋಗಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ