ಆಮ್‌ಸ್ಟರ್‌ಡಾಮ್‌ನಲ್ಲಿ ಮನೆ ಕೊಳ್ಳುವ ಮಗಳಿಗೊಂದು ಪತ್ರ

ಪುಟ್ಟಿ,

ಕಾಲುವೆ ಬದಿಯ ಮನೆ ಅಂತ ಮರುಳಾಗಬೇಡ. ಮೊದಲು ಅಡಿಪಾಯ ವಿಚಾರಿಸು.

ಆ ಊರಿನ ನೆಲ ಮೇಲಿನಿಂದ ಸುಮಾರು 12 ಮೀಟರ್‌ವರೆಗೆ ಬಹುಪಾಲು ಪೀಟ್ (ಕೊಳೆತ ಗಿಡಗಂಟಿಯ ಮೆತ್ತನೆ ಮಣ್ಣು) ಮತ್ತು ಜೇಡಿಮಣ್ಣು. ಭಾರ ಹೊರಬಲ್ಲ ಮರಳಿನ ಪದರ ಸಿಗುವುದು ಅದರ ಕೆಳಗೆ. ಹಾಗಾಗಿ ಬಹುಪಾಲು ಹಳೆಯ ಮನೆಗಳಿಗೆ ಪೈನ್, ಸ್ಪ್ರೂಸ್ ಮರದ ಕಂಬಗಳನ್ನು ಜೋಡಿಜೋಡಿಯಾಗಿ ಮರಳು ಮುಟ್ಟುವ ತನಕ ಬಡಿದಿಳಿಸಿದರು. ಪ್ರತಿ ಜೋಡಿಯ ತಲೆಗೊಂದು ಅಡ್ಡತೊಲೆ, ಅದರ ಮೇಲೆ ದಪ್ಪ ಹಲಗೆ, ಹಲಗೆಯ ಮೇಲೆ ಇಟ್ಟಿಗೆ ಗೋಡೆ. 1648ರಲ್ಲಿ ಶುರುವಾದ ಪುರಭವನಕ್ಕೆ, ಅಂದರೆ ಈಗಿನ ಡಾಮ್ ಚೌಕದ ಅರಮನೆಗೆ, 13,659 ಕಂಬ. ವರ್ಷದ 365 ದಿನಕ್ಕೆ ಎಡಗಡೆ 1, ಬಲಗಡೆ 9 ಹಚ್ಚು ಅಂತ ಅಲ್ಲಿನ ಮಕ್ಕಳು ನೆನಪಿಡುತ್ತಾರೆ. ಇಷ್ಟು ಮರ ಬಂದದ್ದು ಬಾಲ್ಟಿಕ್ ಮತ್ತು ನಾರ್ವೆ ಕಡೆಯಿಂದ. 1590ರ ದಶಕದಲ್ಲಿ ಗಾಳಿಯಂತ್ರದ ಗರಗಸ ಬಂದಮೇಲೆ ಪಕ್ಕದ ಜಾನ್ ನದಿಯ ದಂಡೆಯೇ ಮರ ಕೊಯ್ಯುವ ಕಾರ್ಖಾನೆಗಳ ಸಾಲಾಯಿತು. ಹಡಗೂ ಅಲ್ಲಿನ ಹಲಗೆಯಲ್ಲೇ, ಮನೆಯೂ ಅಲ್ಲಿನ ಹಲಗೆಯಲ್ಲೇ.

ಮರ ನೀರಲ್ಲಿ ಮುಳುಗಿದ್ದರೆ ಶತಮಾನಗಟ್ಟಲೆ ಬಾಳುತ್ತದೆ. ತಲೆಗೆ ಗಾಳಿ ತಾಕಿದರೆ ಶಿಲೀಂಧ್ರ ಹಿಡಿದು ಕೆಲವು ದಶಕದಲ್ಲೇ ಕೊಳೆಯುತ್ತದೆ. ಕಾಲುವೆಯ ನೀರನ್ನು ಆಮ್‌ಸ್ಟರ್‌ಡಾಮ್ ಮಾಪನ ಮಟ್ಟಕ್ಕಿಂತ (ಅಲ್ಲಿ ಎತ್ತರ ಅಳೆಯುವ ಸೊನ್ನೆ ಗೆರೆ, ಹೆಚ್ಚುಕಡಿಮೆ ಸಮುದ್ರಮಟ್ಟ) ಸುಮಾರು 40 ಸೆಂ.ಮೀ. ಕೆಳಗೆ ಕಾಯುತ್ತಾರೆ. ಆದರೆ ಅದನ್ನೇ ನಂಬಬೇಡ. ಅಂತರ್ಜಲದ ಮಟ್ಟವೇ ಬೇರೆ. ಬಿರುಕು ಬಿಟ್ಟ ಹಳೆಯ ಒಳಚರಂಡಿ ಕೊಳವೆ, ಮನೆಪಕ್ಕದ ದೊಡ್ಡ ಮರ, ಒಣ ಬೇಸಿಗೆ, ಮೂರೂ ಅದನ್ನು ಇಳಿಸುತ್ತವೆ. ಪೈನ್‌ಗೆ ಇನ್ನೊಂದು ಪೀಡೆ: ನೀರೊಳಗೇ ಬ್ಯಾಕ್ಟೀರಿಯಾ ನಿಧಾನವಾಗಿ ತಿನ್ನುತ್ತದೆ. ಸ್ಪ್ರೂಸ್ ಇದನ್ನು ಹೆಚ್ಚು ತಾಳುತ್ತದೆ.

ಮನೆ ರಸ್ತೆಗೆ ಬಾಗಿದ್ದರೆ ಹೆದರಬೇಡ. ಮಾಳಿಗೆಯ ತೊಲೆಗೆ ರಾಟೆ ಕಟ್ಟಿ ಸಾಮಾನು ಎಳೆಯುವಾಗ ಗೋಡೆಗೆ ತಗಲದಿರಲಿ ಅಂತ ಎಷ್ಟೋ ಮನೆಗಳನ್ನು ಬೇಕೆಂದೇ ಮುಂದಕ್ಕೆ ಬಾಗಿಸಿ ಕಟ್ಟಿದ್ದಾರೆ. ಪಕ್ಕಕ್ಕೆ ವಾಲಿದ್ದರೆ ಮಾತ್ರ ಅನುಮಾನಿಸು. ನೆಲದ ಮೇಲೆ ಗೋಲಿ ಬಿಟ್ಟು ನೋಡುವುದು ಎಲ್ಲರೂ ಮಾಡುವ ಪರೀಕ್ಷೆ, ನನಗೆ ಅದರಲ್ಲಿ ವಿಶ್ವಾಸವಿಲ್ಲ. ಮಾರುವವರು ನೆಲ ಮಟ್ಟ ಮಾಡಿಸಿಯೇ ತೋರಿಸುತ್ತಾರೆ. ಹೊರಗೋಡೆಯ ಇಟ್ಟಿಗೆ ಸಾಲುಗಳ ನಡುವಿನ ಗಾರೆಗೆರೆ ನೋಡು. ಕಟ್ಟಿದಾಗ ಅದು ಮಟ್ಟವಾಗಿತ್ತು, ಈಗ ಎಷ್ಟು ಓರೆಯೋ ಮನೆ ಒಂದು ಕಡೆಗೆ ಸುಮಾರು ಅಷ್ಟು ಹೆಚ್ಚು ಕುಸಿದಿದೆ. ಗಾರೆ ಹಿಡಿದು ಮೆಟ್ಟಿಲಂತೆ ಏರುವ ಬಿರುಕು, ಆಯ ತಪ್ಪಿದ ಬಾಗಿಲ ಚೌಕಟ್ಟು ಕೂಡ ಅದನ್ನೇ ಹೇಳುತ್ತವೆ.

ಖಚಿತವಾಗಬೇಕಾದರೆ ಗೋಡೆ ಬುಡದಲ್ಲಿ ಗುಂಡಿ ತೋಡಿ ಕಂಬದ ತಲೆ ಬಯಲು ಮಾಡಬೇಕು. ಸೂಜಿ ಚುಚ್ಚಿ ಮೆತ್ತಗಾದ ಪದರದ ಆಳ ಅಳೆಯುತ್ತಾರೆ, ತುಣುಕು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಅಂತರ್ಜಲ ಮರದ ತಲೆಗಿಂತ ಎಷ್ಟು ಮೇಲಿದೆ ಅಂತ ಬರೆದುಕೊಳ್ಳುತ್ತಾರೆ. ಕೆಟ್ಟಿದ್ದರೆ ಕೆಳಮಹಡಿಯ ನೆಲ ಕಿತ್ತು, ಒಳಗಿನಿಂದಲೇ ಉಕ್ಕಿನ ಕೊಳವೆಗಳನ್ನು ತುಂಡುತುಂಡಾಗಿ ಇಳಿಸಿ ಕಾಂಕ್ರೀಟ್ ತುಂಬಿ, ಗೋಡೆಯಲ್ಲಿ ಕಚ್ಚು ಕೊರೆದು ಹೊಸ ಕಾಂಕ್ರೀಟ್ ಹಾಸಿಗೆ ಸೇರಿಸುತ್ತಾರೆ. ತಿಂಗಳುಗಟ್ಟಲೆ ಕೆಲಸ. ಪಕ್ಕದ ಮನೆಯವರೊಂದಿಗೆ ಗೋಡೆ ಹಂಚಿಕೊಂಡಿದ್ದರೆ ಅವರೂ ಒಪ್ಪಬೇಕು, ಇಲ್ಲದಿದ್ದರೆ ಒಂದು ಕಡೆ ನಿಂತು ಇನ್ನೊಂದು ಕಡೆ ಕುಸಿಯುತ್ತದೆ.

ಮನೆಯ ಎದುರಿನ ಕಾಲುವೆ ದಂಡೆಯನ್ನೂ ನೋಡು. ಕುದುರೆಗಾಡಿಯ ಕಾಲಕ್ಕೆ ಕಟ್ಟಿದ ಗೋಡೆಗಳ ಮೇಲೆ ಈಗ ಲಾರಿ ಓಡುತ್ತಿದೆ. 2020ರ ಸೆಪ್ಟೆಂಬರ್‌ನಲ್ಲಿ ಗ್ರಿಮ್‌ಬುರ್ಗ್‌ವಾಲ್‌ನ ದಂಡೆ ಕುಸಿದು ಕಾಲುವೆಗೆ ಬಿತ್ತು. ದುರಸ್ತಿಗೆ ಗೊತ್ತಾದ ಬೀದಿಯಾದರೆ ಮನೆ ಮುಂದೆ ವರ್ಷಗಟ್ಟಲೆ ಅಗೆತ.

ಮಾಲೀಕರ ಸಂಘದಿಂದ ಅಡಿಪಾಯದ ವರದಿ ಮತ್ತು ದುರಸ್ತಿ ನಿಧಿಯಲ್ಲಿ ಎಷ್ಟಿದೆ ಎಂಬ ಲೆಕ್ಕ ಕೇಳು. ಎರಡೂ ಕೈಗೆ ಬಂದಮೇಲೆ ನನಗೆ ಕಳಿಸು, ಅಲ್ಲಿಯವರೆಗೆ ಸಹಿ ಬೇಡ.

ಅಪ್ಪ