ಪ್ರಯೋಗಾಲಯದ ಬೀಗ ಜೂನ್‌ನಲ್ಲೇ ತೆಗೆಯಲಿ

ಮಾನ್ಯ ಸಂಪಾದಕರೇ,

ಸರ್ಕಾರಿ ಪದವಿಪೂರ್ವ ಕಾಲೇಜುಗಳ ವಿಜ್ಞಾನ ವಿಭಾಗಕ್ಕೆ ಮಕ್ಕಳು ಸೇರುತ್ತಿಲ್ಲ ಎಂಬ ಮಾತು ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರಗಳಲ್ಲಿ ಪ್ರತಿ ವರ್ಷ ದಾಖಲಾತಿಯ ಹೊತ್ತಿಗೆ ಕೇಳಿಬರುತ್ತದೆ. ಉಪನ್ಯಾಸಕರು ಕರಪತ್ರ ಹಿಡಿದು ಹಳ್ಳಿ ಸುತ್ತುತ್ತಾರೆ, ಕಾಲೇಜಿನ ಗೇಟಿಗೆ ಬ್ಯಾನರ್ ಕಟ್ಟುತ್ತಾರೆ. ಆದರೂ ಅನುಕೂಲವಿರುವ ಪೋಷಕರು ಮಕ್ಕಳನ್ನು ನೀಟ್, ಜೆಇಇ ತರಬೇತಿ ಕೊಡುವ ತುಮಕೂರು ಅಥವಾ ಬೆಂಗಳೂರಿನ ಖಾಸಗಿ ಕಾಲೇಜುಗಳಿಗೆ ಸೇರಿಸುತ್ತಾರೆ. ಉಳಿದವರಲ್ಲಿ ಹೆಚ್ಚಿನವರು ವಿಜ್ಞಾನದ ಆಸೆಯನ್ನೇ ಬಿಟ್ಟು ಬೇರೆ ವಿಭಾಗಕ್ಕೆ ಹೋಗುತ್ತಾರೆ. ವಿಜ್ಞಾನ ಶಿಕ್ಷಣಕ್ಕೆ ಪ್ರೋತ್ಸಾಹ ಕೊಡಬೇಕೆಂದು ಸಭೆಗಳಲ್ಲಿ ಹೇಳುವವರು ಮೊದಲು ನಮ್ಮ ಪ್ರಯೋಗಾಲಯಗಳ ಬಾಗಿಲು ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತದೆ ಎಂದು ವಿಚಾರಿಸಬೇಕು.

ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಪ್ರತಿಯೊಂದಕ್ಕೂ ದ್ವಿತೀಯ ಪಿಯುಸಿಯಲ್ಲಿ 70 ಅಂಕಗಳ ಲಿಖಿತ ಪರೀಕ್ಷೆಯ ಜೊತೆಗೆ 30 ಅಂಕಗಳ ಪ್ರಾಯೋಗಿಕ ಪರೀಕ್ಷೆ ಇದೆ. ವಾರ ವಾರವೂ ಪ್ರಯೋಗ ಮಾಡಿಸಬೇಕೆಂಬುದೇ ಈ ಹಂಚಿಕೆಯ ಉದ್ದೇಶ. ಎಷ್ಟೋ ಕಡೆ ನಡೆಯುವುದು ಮಾತ್ರ ಬೇರೆ. ಅತಿಥಿ ಉಪನ್ಯಾಸಕರ ನೇಮಕವಾಗುವಷ್ಟರಲ್ಲಿ ತರಗತಿಗಳು ಆರಂಭವಾಗಿ ವಾರಗಳೇ ಕಳೆದಿರುತ್ತವೆ, ಪಾಠ ಮುಗಿಸುವ ಆತುರದಲ್ಲಿ ಪ್ರಯೋಗಗಳು ಜನವರಿಗೆ ಸರಿಯುತ್ತವೆ, ಆಮೇಲೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ತೋರಿಸಿ ರೆಕಾರ್ಡ್ ಪುಸ್ತಕ ಭರ್ತಿ ಮಾಡಿಸಲಾಗುತ್ತದೆ. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ರೀಡಿಂಗ್ ಬರೆದುಕೊಂಡ ವಿದ್ಯಾರ್ಥಿಗೆ ವಿದ್ಯುತ್ ರೋಧ ಅಳೆಯುವ ಮೀಟರ್ ಬ್ರಿಡ್ಜ್‌ನ ತಂತಿಯ ಮೇಲೆ ಜಾಕಿ ಎಂಬ ಲೋಹದ ಮೊನೆಯನ್ನು ಎಲ್ಲಿ ಇಟ್ಟರೆ ಪ್ರವಾಹ ತೋರಿಸುವ ಗ್ಯಾಲ್ವನೋಮೀಟರ್‌ನ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ ಎಂಬುದು ಕೈಗೆ ತಿಳಿದಿರುವುದಿಲ್ಲ. ಅವನಿಗೆ ಅಂಕವೇನೋ ಬರುತ್ತದೆ. ಅದೇ ಈ ಕೊರತೆಯನ್ನು ಇಷ್ಟು ವರ್ಷ ಮುಚ್ಚಿಟ್ಟಿದೆ.

ಪಾವಗಡದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ತಿರುಮಣಿ, ವಳ್ಳೂರು ಮತ್ತು ಸುತ್ತಲಿನ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಆದರೆ ಆ ಮನೆಗಳ ಯುವಕರಿಗೆ ಅಲ್ಲಿ ಹೆಚ್ಚಾಗಿ ಸಿಕ್ಕಿರುವುದು ಕಾವಲು ಕಾಯುವ, ಹುಲ್ಲು ಕೀಳುವ, ಫಲಕ ತೊಳೆಯುವ ಕೆಲಸ. ದ್ವಿತೀಯ ಪಿಯುಸಿ ಭೌತಶಾಸ್ತ್ರದ ಪ್ರಯೋಗಗಳಲ್ಲಿ ಅರೆವಾಹಕ ಡಯೋಡಿನ ವೋಲ್ಟೇಜ್ ಮತ್ತು ವಿದ್ಯುತ್ ಪ್ರವಾಹದ ನಕ್ಷೆ ಬಿಡಿಸುವುದೂ ಒಂದು. ಸೌರ ಫಲಕದ ಪ್ರತಿ ಕೋಶವೂ ಆ ಡಯೋಡಿನಂತೆಯೇ ಎರಡು ಬಗೆಯ ಅರೆವಾಹಕಗಳು ಕೂಡುವ ಸಂಧಿ. ಕಾದಷ್ಟೂ ಅದರ ವೋಲ್ಟೇಜ್ ಕುಸಿಯುತ್ತದೆ. ಸಾಮಾನ್ಯ ಸಿಲಿಕಾನ್ ಫಲಕದ ಉತ್ಪಾದನೆ 25 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಏರುವ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಇಳಿಯುತ್ತದೆ ಎಂದಿಟ್ಟುಕೊಂಡರೆ, ಬೇಸಿಗೆಯಲ್ಲಿ 60 ಡಿಗ್ರಿಗೆ ಕಾದ 100 ವಾಟ್‌ನ ಫಲಕ ಕೊಡುವುದು 86 ವಾಟ್ ಮಾತ್ರ. (ಇದಕ್ಕೆ ಬೇಕಾದ ಗಣಿತ ಪ್ರೌಢಶಾಲೆಯದು.) ಪಾವಗಡದ ಅಕ್ಷಾಂಶ ಸುಮಾರು 14 ಡಿಗ್ರಿ, ಅಲುಗಾಡದಂತೆ ಕೂರಿಸುವ ಫಲಕವನ್ನು ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ಕೋನದಲ್ಲಿ ಏಕೆ ವಾಲಿಸುತ್ತಾರೆ ಎಂಬುದನ್ನು ತ್ರಿಕೋನಮಿತಿಯ ಪಾಠದಲ್ಲಿ ಕೇಳಿದರೆ ಉತ್ತರ ಹುಡುಕಲು ಮಕ್ಕಳು ದೂರ ಹೋಗಬೇಕಿಲ್ಲ. ಒಂದು ಸಣ್ಣ ಫಲಕ, ಒಂದು ಮಲ್ಟಿಮೀಟರ್, ಒಂದು ಥರ್ಮಾಮೀಟರ್ ಇದ್ದರೆ ಕಾಲೇಜಿನ ತಾರಸಿಯಲ್ಲೇ ಇಡೀ ಪ್ರಯೋಗ ಮುಗಿಯುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದಕ್ಕೆ ಹೆಸರಾದ ತಾಲ್ಲೂಕು ಅದು. ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ತಮ್ಮೂರಿನ ಕೊಳವೆಬಾವಿ ದಾಟಿದೆಯೇ ಎಂದು ಪರೀಕ್ಷಿಸುವುದನ್ನೂ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಕಲಿಸಬಹುದು.

ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಕಥೆ ಕೊಂಚ ಭಿನ್ನ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು. ಯಂತ್ರಗಳು ಬಂದಿವೆ. ಅವುಗಳ ಮೇಲೆ ವಿದ್ಯಾರ್ಥಿ ಕೈಯಿಟ್ಟು ಕೆಲಸ ಮಾಡುವ ಗಂಟೆಗಳು ಹೆಚ್ಚಬೇಕು, ಕಲಿತ ಮೇಲೆ ಹೊರಗೆ ಅಭ್ಯಾಸಕ್ಕೆ ಜಾಗ ಸಿಗಬೇಕು. ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆ ಪ್ರದೇಶದಲ್ಲಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ವಸಂತನರಸಾಪುರದ ಕೈಗಾರಿಕಾ ಪ್ರದೇಶವಂತೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಜಿಲ್ಲೆಯ ಯಾವ ಕಾರ್ಖಾನೆಯಲ್ಲಿ ಎಷ್ಟು ಮಂದಿ ಅಪ್ರೆಂಟಿಸ್‌ಗಳಿದ್ದಾರೆ, ಅವರಲ್ಲಿ ಎಷ್ಟು ಮಂದಿ ಇಲ್ಲಿನ ಐಟಿಐಗಳಿಂದ ಬಂದವರು ಎಂಬ ಪಟ್ಟಿಯನ್ನು ಜಿಲ್ಲಾಡಳಿತ ಪ್ರಕಟಿಸಿದರೆ ಪೋಷಕರಿಗೆ ಯಾವ ಬ್ಯಾನರೂ ಬೇಕಾಗುವುದಿಲ್ಲ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ದಾರಿ ಇದೆ ಎಂಬ ಸಂಗತಿಯೇ ಪ್ರೌಢಶಾಲೆಯ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಪಿಯುಸಿ ವಿಜ್ಞಾನದ ಮೊದಲ ಎರಡು ತಿಂಗಳಲ್ಲೇ ಕಂಗಾಲಾಗುತ್ತಾರೆ. ಪಬ್ಲಿಕ್ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ ಆವೃತ್ತಿಯೂ ಇರುತ್ತದೆ, ಪಾಠ ಮತ್ತು ಪಠ್ಯಪುಸ್ತಕ ಮಾತ್ರ ಇಂಗ್ಲಿಷಿನವು. ಪ್ರಯೋಗಾಲಯ ಇಲ್ಲಿಯೂ ನೆರವಿಗೆ ಬರುತ್ತದೆ ಎಂಬುದು ನನ್ನ ಅನುಭವ. ಕೈಯಲ್ಲಿ ಸ್ಕ್ರೂ ಗೇಜ್ ಹಿಡಿದು ಕಾಗದದ ದಪ್ಪವನ್ನು ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆದ ಹುಡುಗಿ ಅದೇ ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಓದಲು ಅಷ್ಟು ಹೆದರುವುದಿಲ್ಲ. ಹಾಗೆಯೇ, ಮಧ್ಯಾಹ್ನದ ಪ್ರಯೋಗ ಮುಗಿಯುವ ಮೊದಲೇ ಊರಿನ ಕೊನೆಯ ಬಸ್ಸು ಹೊರಟುಹೋದರೆ ಹೆಣ್ಣುಮಕ್ಕಳು ಪ್ರಯೋಗವನ್ನೇ ಬಿಡುತ್ತಾರೆ. ಕೆಎಸ್‌ಆರ್‌ಟಿಸಿ ಡಿಪೊಗೂ ಕಾಲೇಜಿನ ವೇಳಾಪಟ್ಟಿಗೂ ಸಂಬಂಧವಿದೆ ಎಂದು ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ.

ಆದ್ದರಿಂದ ಪದವಿಪೂರ್ವ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು ಪ್ರತಿ ಸರ್ಕಾರಿ ಕಾಲೇಜಿನ ಪ್ರಯೋಗಗಳ ತಿಂಗಳವಾರು ವೇಳಾಪಟ್ಟಿಯನ್ನು ಜೂನ್‌ನಲ್ಲೇ ತರಿಸಿಕೊಳ್ಳಬೇಕು. ವಿಜ್ಞಾನದ ಅತಿಥಿ ಉಪನ್ಯಾಸಕರನ್ನು ತರಗತಿ ಆರಂಭವಾಗುವ ಮುನ್ನವೇ ನೇಮಿಸಬೇಕು. ಪ್ರಯೋಗಾಲಯ ಸಹಾಯಕರಿಲ್ಲದ ಕಡೆ ಪಕ್ಕದ ಪಾಲಿಟೆಕ್ನಿಕ್‌ನ ಸಿಬ್ಬಂದಿಯ ನೆರವನ್ನು ವಾರಕ್ಕೊಂದು ದಿನವಾದರೂ ಒದಗಿಸಲು ಜಿಲ್ಲಾಧಿಕಾರಿಗಳು ಮನಸ್ಸು ಮಾಡಬೇಕು. ಆಗಸ್ಟ್‌ನಲ್ಲಿ ಅಧಿಕಾರಿಗಳು ಮುನ್ಸೂಚನೆ ಕೊಡದೆ ಕಾಲೇಜಿಗೆ ಬಂದು, ರೆಕಾರ್ಡ್ ಪುಸ್ತಕವನ್ನು ಪಕ್ಕಕ್ಕಿಟ್ಟು, ಯಾವುದಾದರೊಂದು ಪ್ರಯೋಗವನ್ನು ತಮ್ಮೆದುರು ಮಾಡಿ ತೋರಿಸುವಂತೆ ವಿದ್ಯಾರ್ಥಿಗಳನ್ನು ಕೇಳಲಿ.

ಇಂತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಮಧುಗಿರಿ, ತುಮಕೂರು ಜಿಲ್ಲೆ