ಏಜೆಂಟ್ ಹೇಳಿದ ಸಾಲಿಸಿಟರ್‌ಗೆ ಹೂಂ ಅನ್ನುವ ಮುಂಚೆ

ಮಿಲ್ಟನ್ ಕೀನ್ಸ್
ಭಾನುವಾರ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಸ್ಲೌ ಫ್ಲ್ಯಾಟಿಗೆ ನೀನು ಕೊಟ್ಟ ಆಫರ್ ಒಪ್ಪಿದರು ಅಂತ ಕೇಳಿ ತುಂಬಾ ಖುಷಿಯಾಯಿತು. ಆದರೆ ಮನೆ ಮಾರಿಸುವ ಏಜೆಂಟ್ ಹೇಳಿದ ಸಾಲಿಸಿಟರನ್ನೇ, ಅಂದರೆ ಮನೆ ಕಾಗದಪತ್ರ ನೋಡುವ ವಕೀಲರನ್ನೇ, ಹಿಡಿದುಬಿಡ್ತೀನಿ ಅಂದೆಯಲ್ಲ, ಅದಕ್ಕೇ ಈ ಪತ್ರ. ಎರಡು ದಿನ ತಡೆದುಕೋ.

ನಮ್ಮೂರಲ್ಲಾದರೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ನಾವೇ ಹೋಗಿ ಹೆಬ್ಬೆಟ್ಟು ಒತ್ತಿ ಬರುತ್ತೇವೆ. ಮಾರುವವರು ಪಕ್ಕದಲ್ಲೇ ನಿಂತಿರುತ್ತಾರೆ. ಇಲ್ಲಿ ಇಂಗ್ಲೆಂಡಿನಲ್ಲಿ ದುಡ್ಡು, ಕಾಗದ, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಆಸ್ತಿ ನೋಂದಣಿ ಎಲ್ಲವೂ ಸಾಲಿಸಿಟರ್ ಕೈಯಲ್ಲಿ. ಅವರ ಮುಖವನ್ನೂ ನೋಡದೆ ಮನೆ ಕೊಂಡುಬಿಡಬಹುದು.

ನಮ್ಮ ಮೊದಲನೇ ಮನೆಗೆ ಹಾಗೇ ಆಯಿತು. ಏಜೆಂಟ್ ಹೇಳಿದವರನ್ನೇ ಹಿಡಿದೆವು. ಫೋನ್ ಮಾಡಿದಾಗಲೆಲ್ಲ ಬೇರೆ ದನಿ, ಮತ್ತೆ ಮೊದಲಿಂದ ಹೇಳಬೇಕು. ಆರು ವರ್ಷ ಕಳೆದು ಅದನ್ನು ಮಾರುವಾಗ, ಚಿಕ್ಕ ಆಫೀಸ್ ಇಟ್ಟಿದ್ದ ಹೆಂಗಸೊಬ್ಬರ ಹತ್ತಿರ ಹೋದೆವು. ಅವರು ಟೈಟಲ್ ಪ್ಲಾನನ್ನು, ಅಂದರೆ ನಮ್ಮ ಜಾಗದ ಎಲ್ಲೆಯನ್ನು ಕೆಂಪು ಗೆರೆಯಲ್ಲಿ ತೋರಿಸುವ ನಕ್ಷೆಯನ್ನು, ಮೇಜಿನ ಮೇಲೆ ಹರಡಿ, ಮಾವನ ಕೈಗೆ ಪೆನ್ಸಿಲ್ ಕೊಟ್ಟು, ಕಾರು ಎಲ್ಲಿ ನಿಲ್ಲಿಸ್ತೀರಿ ಗುರುತು ಹಾಕಿ ಅಂದರು. ಮಾವ ಹಾಕಿದ ಗುರುತು ಕೆಂಪು ಗೆರೆಯ ಆಚೆ ಬಿತ್ತು. ಆರು ವರ್ಷ ನಮ್ಮದು ಅಂದುಕೊಂಡ ಜಾಗ ಕಾಗದದಲ್ಲಿ ನಮ್ಮದಾಗಿರಲಿಲ್ಲ. ಅದನ್ನು ಸರಿಮಾಡಿಸುವಷ್ಟರಲ್ಲಿ ಕೊಳ್ಳಲು ಬಂದಿದ್ದವರು ಬೇರೆ ಮನೆ ನೋಡಿಕೊಂಡರು. ನಾವು ಕೊಳ್ಳುವಾಗ ಆ ಒಂದು ಪ್ರಶ್ನೆ ಯಾರೂ ಕೇಳಿರಲಿಲ್ಲ ಪುಟ್ಟಾ.

ನಿನಗೂ ಹಾಗೆ ಕೇಳುವವರೇ ಬೇಕು. ಒಪ್ಪುವ ಮುಂಚೆ ಫೋನ್ ಮಾಡು. ನನ್ನ ಫೈಲ್ ಯಾರು ನೋಡ್ತಾರೆ, ಅವರು ರಜೆ ಹೋದರೆ ಯಾರು ಅಂತ ಕೇಳು. ನಿನ್ನದು ಲೀಸ್‌ಹೋಲ್ಡ್, ಅಂದರೆ ಜಾಗದ ಒಡೆಯರು ಬೇರೆ, ನಿನಗೆ ಇಷ್ಟು ವರ್ಷ ಅಂತ ಹಕ್ಕು. ಲೀಸ್ ಎಷ್ಟು ವರ್ಷ ಉಳಿದಿದೆ, ಆ ಒಡೆಯರಿಗೆ ಕೊಡುವ ಗ್ರೌಂಡ್ ರೆಂಟ್ ಹೇಗೆ ಏರುತ್ತದೆ, ಕಟ್ಟಡ ನೋಡಿಕೊಳ್ಳುವುದಕ್ಕೆ ಕೊಡುವ ಸರ್ವಿಸ್ ಚಾರ್ಜ್ ಎಷ್ಟು ಅಂತ ಲೀಸ್ ಓದಿ ಬಿಡಿಸಿ ಹೇಳಬೇಕು. ಉಳಿದಿರುವುದು 80 ವರ್ಷದ ಹತ್ತಿರ ಬಂದಿದ್ದರೆ ನೀನು ಕೇಳದೆಯೇ ಎಚ್ಚರಿಸಬೇಕು.

ಏಜೆಂಟ್ ಮಾರುವವರ ಕಡೆಯವರು, ಅಲ್ವಾ? ನಿನ್ನನ್ನು ಕಳಿಸಿಕೊಟ್ಟಿದ್ದಕ್ಕೆ ಅವರಿಗೆ ಕಮಿಷನ್ ಹೋಗುವುದೂ ಉಂಟು. ಹೋಗುತ್ತಾ ಅಂತ ಸಾಲಿಸಿಟರನ್ನೇ ಕೇಳು, ಅವರು ಹೇಳಲೇಬೇಕು. ಏಜೆಂಟ್ ಹೇಳಿದವರ ಹತ್ತಿರವೇ ಹೋಗಬೇಕು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ.

ಫೀಸಿನ ಮೊದಲ ಅಂಕಿ ನೋಡಿ ಮರುಳಾಗಬೇಡ. ಲೀಸ್‌ಹೋಲ್ಡಿಗೆ ಜಾಸ್ತಿ, ಆ ಜಾಗದ ಬಗ್ಗೆ ಕೌನ್ಸಿಲ್ ಮುಂತಾದ ಕಡೆ ವಿಚಾರಿಸುವ ಸರ್ಚ್‌ಗಳಿಗೆ ಬೇರೆ, ಮೇಲೆ 20% ವ್ಯಾಟ್. ಒಟ್ಟು ಎಷ್ಟು ಅಂತ ಬರೆದು ಕೊಡಲಿ. ನಿನಗೆ ಸಾಲ ಕೊಡುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಬ್ಯಾಂಕು ಒಪ್ಪಿದವರ ಪಟ್ಟಿಯಲ್ಲಿ, ಇದ್ದಾರಾ ಅಂತಲೂ ಕೇಳಿಕೋ. ಹೆಸರನ್ನು ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ಪಟ್ಟಿಯಲ್ಲಿ ಹುಡುಕಿ ನೋಡು, ಐದು ನಿಮಿಷದ ಕೆಲಸ.

ನನಗೆ ಜಾಸ್ತಿ ಭಯ ಇರುವುದು ದುಡ್ಡು ಕಳಿಸುವ ದಿನದ್ದು. ಎಕ್ಸ್‌ಚೇಂಜ್ ಹೊತ್ತಿಗೆ, ಅಂದರೆ ಎರಡೂ ಕಡೆಯ ಕರಾರು ಪಕ್ಕಾ ಆಗುವಾಗ, ಸಾಮಾನ್ಯವಾಗಿ ಬೆಲೆಯ 10% ಕೊಡಬೇಕು. ಅದಾದ ಮೇಲೆ ಹಿಂದೆ ಸರಿದರೆ ಅದು ಹೋದಂತೆಯೇ. ಸರಿಯಾಗಿ ಆ ಹೊತ್ತಿಗೆ, ನಮ್ಮ ಅಕೌಂಟ್ ನಂಬರ್ ಬದಲಾಗಿದೆ ಅಂತ ಸಾಲಿಸಿಟರ್ ಹೆಸರಲ್ಲೇ ಕಳ್ಳರ ಈಮೇಲ್ ಬರುವುದುಂಟು. ಎಷ್ಟೋ ಜನ ಕಷ್ಟಪಟ್ಟು ಕೂಡಿಟ್ಟದ್ದು ಹಾಗೆ ಕಳೆದುಕೊಂಡಿದ್ದಾರೆ. ಆ ಈಮೇಲಿನಲ್ಲಿರುವ ನಂಬರಿಗೆ ಫೋನ್ ಮಾಡಬೇಡ. ಮೊದಲ ದಿನ ನೀನೇ ಬರೆದಿಟ್ಟುಕೊಂಡ ನಂಬರಿಗೆ ಮಾಡಿ, ನಿನ್ನ ಫೈಲ್ ನೋಡುವವರ ದನಿ ಕೇಳಿ, ಆಮೇಲೆ ಕಳಿಸು.

ಮೂರು ಕಡೆ ಕೊಟೇಶನ್ ತಗೊಂಡು ನನಗೆ ಕಳಿಸು. ಶನಿವಾರ ಮಾವನೂ ನಾನೂ ಕೂತು ನೋಡುತ್ತೇವೆ. ಫ್ಲ್ಯಾಟಿನ ಪ್ಲಾನ್ ಸಿಕ್ಕಿದರೆ ಅದನ್ನೂ ಕಳಿಸು.

ನಿನ್ನ ಅತ್ತೆ